ಜೀವಕೋಶ ಕಲ್ಲಲ್ಲ

‘ಬೆಳಕು ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ, ಕೋಶಕ್ಕೇನು ನಷ್ಟ?’ ಎಂದು ಸೂಕ್ಷ್ಮದರ್ಶಕದ ಬಗೆಗಿನ ಲೇಖನವೊಂದು ಕೇಳಿದೆ. ನಷ್ಟವಿದೆ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಗುಡಿಯ ಕಲ್ಲು ಬಿಸಿಲುಂಡೂ ನಿಂತಿದೆ. ಆದರೆ ಹಳೇಬೀಡಿನ ದ್ವಾರಸಮುದ್ರ ಕೆರೆಯ ಹನಿಯೊಳಗಿನ ಜೀವಿ ಕಲ್ಲಲ್ಲ.

ಕೋಶಕ್ಕೆ ಹಾಕಿದ ಹೊಳೆಯುವ ಬಣ್ಣ ಬೆಳಕು ಹೀರಿ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ಪೊರೆ, ಪ್ರೋಟೀನು, ಡಿಎನ್‌ಎಗಳನ್ನು ಕೆಡಿಸುತ್ತದೆ. ನೇರಳಾತೀತ, ನೀಲಿ ಬೆಳಕಿನ ಪೆಟ್ಟು ಕೆಂಪಿಗಿಂತ ಜೋರು. ಕೋಶ ಸಾಯದಿದ್ದರೂ ಅದರ ವಿಭಜನೆ ತಡವಾಗಬಹುದು. ಆಗ ನಾವು ಕಾಣುವುದು ಜೀವವನ್ನಲ್ಲ, ಗಾಯವನ್ನು. 2014ರ ರಸಾಯನಶಾಸ್ತ್ರದ ನೊಬೆಲ್ ಗಳಿಸಿದ ಅತಿಸೂಕ್ಷ್ಮ ದರ್ಶನ ತಂತ್ರಗಳಿಗೂ ಈ ಕಾಟ ತಪ್ಪಿಲ್ಲ.

ಅರಸೀಕೆರೆಯ ಕಾಲೇಜು ಮೇಷ್ಟ್ರುಗಳೇ, ನೋಡದಾಗ ದೀಪ ಆರಿಸಿ. ಬೆಳಕು ತಾಗದ ಕೋಶಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ, ಆಮೇಲೆ ತೀರ್ಪು ಕೊಡಿ.