ಮೋಟರು ಮೇಲೆತ್ತುವ ಮುನ್ನ

ಬೆಳಿಗ್ಗೆ ಎದ್ದ ಕೂಡಲೇ ಬೋರಿನ ಸ್ವಿಚ್ ಹಾಕುವವರು ಯಾರು? ಟ್ಯಾಂಕ್ ತುಂಬಿ ನೀರು ಚೆಲ್ಲುವ ಸದ್ದು ಕೇಳಿ, ಒಲೆ ಸಣ್ಣದು ಮಾಡಿ ಓಡಿ ಬಂದು ಆಫ್ ಮಾಡುವವರು ಯಾರು? ಬಹುತೇಕ ಮನೆಗಳಲ್ಲಿ ನಾವೇ ಅಲ್ವೇ? ಆದರೆ ಅದೇ ಮೋಟರು ಕೆಟ್ಟು ನಿಂತ ದಿನ ಮೆಕ್ಯಾನಿಕ್ ಬಾಗಿಲಲ್ಲಿ ನಿಂತು ಕೇಳುವುದು, 'ಅಕ್ಕಾರೆ, ಯಜಮಾನ್ರು ಇದಾರೇನ್ರಿ?' ಅಂತ. ಯಜಮಾನರು ಅಂಗಡಿಯಿಂದ ಫೋನಿನಲ್ಲೇ 'ಏನು ಮಾಡ್ಬೇಕೋ ಮಾಡಪ್ಪಾ' ಅಂದುಬಿಡುತ್ತಾರೆ. ಸಂಜೆಗೆ ಹೊಸ ಮೋಟರಿನ ಬಿಲ್ಲು ಕೈಗೆ ಬರುತ್ತದೆ. ಆ ತಿಂಗಳ ಖರ್ಚು ಸರಿದೂಗಿಸುವ ಕೆಲಸ ಮಾತ್ರ ಮತ್ತೆ ನಮ್ಮದೇ!

ದಿನವೂ ಮೋಟರಿನ ಸದ್ದು ಕೇಳುವವರು ನಾವು. ಹಾಗಾಗಿ ರಿಪೇರಿಯೋ ಹೊಸದೋ ಅನ್ನುವ ತೀರ್ಮಾನದಲ್ಲೂ ನಮ್ಮ ಮಾತು ನಡೆಯಬೇಕು. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ.

ನಮ್ಮ ದಾವಣಗೆರೆಗೆ ನೀರು ಬರುವುದು ತುಂಗಭದ್ರಾ ಹೊಳೆಯಿಂದ ಮತ್ತು ಭದ್ರಾ ನಾಲೆಯಿಂದ ತುಂಬಿಸಿಕೊಳ್ಳುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ. ಬೇಸಿಗೆಯಲ್ಲಿ ಹೊಳೆ ಸೊರಗಿ, ನಾಲೆಯ ನೀರೂ ನಿಂತರೆ ಮನೆಯ ಬೋರೇ ಗತಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರಕಾರ ಬರಪೀಡಿತ ಎಂದು ಘೋಷಿಸಿತ್ತು. ಅಂಥ ವರ್ಷಗಳಲ್ಲಿ ಬೋರಿನ ನೀರು ಕೆಳಗಿಳಿಯುತ್ತದೆ, ನೀರಿಲ್ಲದೆ ತಿರುಗಿದ ಮೋಟರು ಸುಡುತ್ತದೆ. ಕೊಡ ಖಾಲಿ ಇರುವಾಗ ಯಾರು ಏನು ಹೇಳಿದರೂ 'ಹೂಂ' ಅನ್ನುತ್ತೇವೆ. ಹಣ ಪೋಲಾಗುವುದು ಅಲ್ಲೇ.

ಮೋಟರು ನಿಂತಿತು ಅಂದಾಕ್ಷಣ ಅದು ಸುಟ್ಟಿದೆ ಎಂದುಕೊಳ್ಳಬೇಡಿ. ಮೊದಲು ಗೋಡೆಯ ಮೇಲಿನ ಪ್ಯಾನೆಲ್ ಬೋರ್ಡ್ ನೋಡಿ. ವೋಲ್ಟೇಜ್ ಮುಳ್ಳು ತೀರಾ ಕೆಳಗಿದೆಯಾ? ಹಾಗಿದ್ದರೆ ಕರೆಂಟು ಸರಿಯಾಗುವ ತನಕ ಸ್ವಿಚ್ ಮುಟ್ಟಬೇಡಿ. ವೋಲ್ಟೇಜ್ ಸರಿಯಿದ್ದೂ ಮೋಟರು ಏಳದೆ, ಆಂಪಿಯರ್ ಮುಳ್ಳು ಮೇಲೇರಿ ಟ್ರಿಪ್ ಆಗುತ್ತಿದ್ದರೆ ಎಷ್ಟೋ ಸಲ ಕೆಟ್ಟಿರುವುದು ಪ್ಯಾನೆಲ್ ಒಳಗಿನ ಕೆಪಾಸಿಟರ್. ಅದರ ಬೆಲೆ ಹೊಸ ಮೋಟರಿನ ಬೆಲೆಗೆ ಹೋಲಿಸಿದರೆ ಏನೇನೂ ಅಲ್ಲ. ಸ್ವಿಚ್ ಹಾಕಿದರೂ ಆಂಪಿಯರ್ ಮುಳ್ಳು ಸೊನ್ನೆಯಲ್ಲೇ ಇದ್ದರೆ ಕರೆಂಟು ಕೆಳಗೆ ಹೋಗುತ್ತಿಲ್ಲ, ಎಲ್ಲೋ ವೈರು ಕಡಿದಿರಬಹುದು. ಆದರೆ ಪ್ಯಾನೆಲ್ ಬಿಚ್ಚುವ ಸಾಹಸಕ್ಕೆ ನೀವು ಕೈ ಹಾಕಲೇಬೇಡಿ. ಮೇನ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟು ಉಳಿದಿರುತ್ತದೆ.

ಮೋಟರು ಸರಿಯಾಗಿ ಓಡಿ, ಹತ್ತು ನಿಮಿಷ ನೀರು ಕೊಟ್ಟು ಆಮೇಲೆ ಬರೀ ಗಾಳಿ ಉಗುಳುತ್ತಿದೆಯೇ? ಒಂದೆರಡು ಗಂಟೆ ಬಿಟ್ಟು ಹಾಕಿದರೆ ಮತ್ತೆ ನೀರು ಬರುತ್ತದೆಯೇ? ಹಾಗಾದರೆ ಇಳಿದಿರುವುದು ಬೋರಿನ ನೀರು. ಎಷ್ಟೇ ದುಬಾರಿಯ ಹೊಸ ಮೋಟರು ಹಾಕಿದರೂ ಅದು ನೀರು ಹುಟ್ಟಿಸುವುದಿಲ್ಲ ಕಣ್ರೀ! ಬಿಟ್ಟು ಬಿಟ್ಟು ಓಡಿಸಿ. ನೀರು ಮುಗಿದಾಗ ತಾನೇ ನಿಲ್ಲುವ ಡ್ರೈ ರನ್ ಪ್ರೊಟೆಕ್ಟರ್ ಹಾಕಿಸಿ. ಬೋರಿನಲ್ಲಿ ಇನ್ನೂ ಆಳ ಉಳಿದಿದ್ದರೆ ಒಂದೆರಡು ಪೈಪು ಸೇರಿಸಿ ಮೋಟರನ್ನು ಕೆಳಗಿಳಿಸಬಹುದು.

'ಅಕ್ಕಾರೆ, ಸುಟ್ಟು ಹೋಗೈತ್ರಿ, ಹೊಸದು ಹಾಕ್ಸಿಬಿಡ್ರಿ' ಎಂದರೆ 'ಮೆಗ್ಗರ್ ಹಿಡಿದು ತೋರಿಸಿ' ಅನ್ನಿ. ಮೋಟರು ಎತ್ತದೆ, ಮೇಲಿನಿಂದಲೇ ವೈರಿಗೆ ಹಿಡಿದು ಕರೆಂಟು ಸೋರುತ್ತಿದೆಯೇ ಎಂದು ನೋಡುವ ಸಾಧನ ಅದು. ಏಕೆಂದರೆ ಎತ್ತುವುದೇ ದೊಡ್ಡ ಖರ್ಚು. ಮಂಡಿಪೇಟೆಯಂಥ ಕಡೆ, ಮೂಟೆ ಇಳಿಸುವ ಗಾಡಿಗಳ ನಡುವೆ ಸ್ಟ್ಯಾಂಡ್ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಪೈಪುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಎತ್ತುವುದು ಅಂದರೆ ಹುಡುಗಾಟವಲ್ಲ. ಎತ್ತುವ ಕೂಲಿ, ಇಳಿಸುವ ಕೂಲಿ, ಎರಡನ್ನೂ ಮೊದಲೇ ಮಾತಾಡಿಕೊಳ್ಳಿ. ಎತ್ತಿದ ಮೇಲೆ ಕೇಬಲ್, ಅದರ ಜಾಯಿಂಟ್, ತುಕ್ಕು ಹಿಡಿದ ಪೈಪು, ನೀರು ವಾಪಸ್ ಹೋಗದಂತೆ ತಡೆಯುವ ವಾಲ್ವ್ ಎಲ್ಲವನ್ನೂ ಒಂದೇ ಸಲಕ್ಕೆ ನೋಡಿಸಿಬಿಡಿ. ಮೋಟರು ಮೇಲಿರುವಷ್ಟು ಹೊತ್ತು ಬೋರಿನ ಬಾಯಿ ಮುಚ್ಚಿರಲಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಮೇಲೆತ್ತುವ ತನಕ ನಾವೆಲ್ಲ ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕೂತಿದ್ದು ಮರೆತಿಲ್ಲ ತಾನೇ?

ಇನ್ನು ರಿಪೇರಿಯೋ, ಹೊಸದೋ? ನಾನು ಹೇಳುವುದಿಷ್ಟು. ಒಳ್ಳೆಯ ಕಂಪನಿಯ ಮೋಟರು, ಸುಟ್ಟಿದ್ದು ಇದೇ ಮೊದಲು, ಪಂಪಿನ ಭಾಗ ಗಟ್ಟಿಯಾಗಿದೆ ಅಂದರೆ ರಿವೈಂಡಿಂಗ್ ಮಾಡಿಸಿ. ತಾಮ್ರದ ತಂತಿಯನ್ನೇ ಹಾಕಬೇಕೆಂದು ಹೇಳಿ. ಬಿಚ್ಚಿದ ಹಳೆಯ ತಾಮ್ರಕ್ಕೂ ಬೆಲೆಯಿದೆ, ಅದನ್ನು ಬಿಲ್ಲಿನಲ್ಲಿ ಕಳೆಯಲು ಕೇಳುವುದಕ್ಕೆ ಸಂಕೋಚ ಬೇಡ. ಈಗಾಗಲೇ ಎರಡು ಸಲ ರಿವೈಂಡಿಂಗ್ ಆಗಿದ್ದರೆ, ಮರಳು ತಿಂದು ಪಂಪು ಸವೆದಿದ್ದರೆ, ಅಥವಾ ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಮಾತ್ರ ಹೊಸದಕ್ಕೆ ಹೋಗಿ. ಕೆಟ್ಟ ಮೋಟರಿಗೆ ಪದೇ ಪದೇ ಹಣ ಸುರಿಯುವುದೂ ಜಾಣತನವಲ್ಲ.

ಹೊಸದು ಕೊಳ್ಳುವಾಗ 'ಒಂದರ ಬದಲು ಒಂದೂವರೆ ಎಚ್‌ಪಿ ಹಾಕ್ಸ್ರಿ, ನೀರು ಜೋರಾಗಿ ಬರ್ತೈತಿ' ಅನ್ನುವ ಮಾತಿಗೆ ಮರುಳಾಗಬೇಡಿ. ಬೋರಿನಲ್ಲಿ ಊರುವ ನೀರು ಅಷ್ಟೇ ಇದ್ದರೆ ದೊಡ್ಡ ಮೋಟರು ಅದನ್ನು ಬೇಗ ಬರಿದು ಮಾಡುತ್ತದೆ, ಬೇಗ ಸುಡುತ್ತದೆ. ಮೋಟರು ಎಷ್ಟು ಅಡಿಯಲ್ಲಿ ಕೂರುತ್ತದೆ, ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹೇಳಿಯೇ ಆರಿಸಿ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 8034 ಎಂಬ ಸಂಖ್ಯೆ ನೋಡಿಕೊಳ್ಳಿ. ರಿಪೇರಿಯಾಗಲಿ ಹೊಸದಾಗಲಿ, ಗ್ಯಾರಂಟಿ ಎಷ್ಟು ತಿಂಗಳು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿ. ಬಿಲ್ಲಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಬಾಯಿಮಾತಿನ ಗ್ಯಾರಂಟಿಗೆ ಬೆಲೆಯಿಲ್ಲ.

ಕಡೆಯದಾಗಿ ಒಂದು ಕಿವಿಮಾತು. ಪ್ಯಾನೆಲ್ ಪಕ್ಕ ಒಂದು ಚೀಟಿ ಅಂಟಿಸಿ. ಬೋರಿನ ಆಳ, ಇಳಿಸಿದ ಪೈಪುಗಳ ಲೆಕ್ಕ, ಮೋಟರಿನ ಎಚ್‌ಪಿ, ಹಾಕಿಸಿದ ತಾರೀಖು, ಚೆನ್ನಾಗಿ ಓಡುವಾಗ ಆಂಪಿಯರ್ ಮುಳ್ಳು ಎಲ್ಲಿ ನಿಲ್ಲುತ್ತದೆ, ಇಷ್ಟು ಬರೆದಿಡಿ. ಹಾಲಿನವನ ಲೆಕ್ಕ, ಚೀಟಿ ದುಡ್ಡಿನ ಲೆಕ್ಕ ತಪ್ಪದೆ ಇಡುವ ನಮಗೆ ಇದೇನು ಮಹಾ? ಆ ಐದು ಸಾಲು ಗೊತ್ತಿದ್ದವರ ಹತ್ತಿರ ಯಾವ ಮೆಕ್ಯಾನಿಕ್ಕೂ ಸುಮ್ಮಸುಮ್ಮನೆ 'ಸುಟ್ಟೈತಿ' ಅನ್ನುವುದಿಲ್ಲ.