ನೀಟ್: ಇನ್ನೊಂದು ವರ್ಷ ಕೊಡಬೇಕೆ?

ನೀಟ್ ಫಲಿತಾಂಶ ಹೊರಬಿದ್ದ ಮೇಲೆ ನಾಡಿನ ಸಾವಿರಾರು ಮನೆಗಳಲ್ಲಿ ಒಂದೇ ಚರ್ಚೆ. ಮೆಡಿಕಲ್ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಮಗ ಅಥವಾ ಮಗಳು ಇನ್ನೊಂದು ವರ್ಷ ಕೂತು ಓದಬೇಕೆ, ಇಲ್ಲವೆ ಸಿಗುವ ಬೇರೆ ಕೋರ್ಸಿಗೆ ಸೇರಬೇಕೆ? ಮಠಕ್ಕೆ ಬರುವ ತಂದೆ ತಾಯಂದಿರು ಪೂಜ್ಯರ ಮುಂದೆಯೂ ಇದೇ ಪ್ರಶ್ನೆ ಇಡುತ್ತಾರೆ. ಆಶೀರ್ವಾದ ಬೇಡುವುದು ತಪ್ಪಲ್ಲ. ಆದರೆ ಇದು ಲೆಕ್ಕ ಹಾಕಿ, ಮಕ್ಕಳ ಜೊತೆ ಕೂತು ಮಾತಾಡಿ, ಮನೆಯಲ್ಲೇ ತೀರ್ಮಾನಿಸಬೇಕಾದ ವಿಷಯ.

ನಿಯಮದ ಅಡ್ಡಿ ಏನೂ ಇಲ್ಲ. ನೀಟ್ ಬರೆಯಲು ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಲಾಗಿದೆ. ಇಷ್ಟೇ ಸಲ ಬರೆಯಬೇಕೆಂಬ ಕಟ್ಟಳೆಯೂ ಇಲ್ಲ. ಮಿತಿ ಇಲ್ಲದಿರುವುದರಿಂದಲೇ ಎಲ್ಲಿ ನಿಲ್ಲಿಸಬೇಕೆಂಬುದನ್ನು ನಾವೇ ಗೊತ್ತುಮಾಡಿಕೊಳ್ಳಬೇಕಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. 'ನೀಟ್ ಕ್ವಾಲಿಫೈ ಆಗಿದೆ' ಎಂದರೆ ಸೀಟು ಸಿಕ್ಕಿತು ಎಂದಲ್ಲ. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಪರೀಕ್ಷೆ ಬರೆದರು. ಅವರಲ್ಲಿ 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ಸಾಮಾನ್ಯ ವರ್ಗಕ್ಕೆ ಅರ್ಹತಾ ಅಂಕ 720ಕ್ಕೆ 144 ಮಾತ್ರ. ಇಡೀ ದೇಶದ ಎಂಬಿಬಿಎಸ್ ಸೀಟುಗಳು 1.2 ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಸರ್ಕಾರಿ ಕಾಲೇಜುಗಳಲ್ಲಿವೆ. ಅಂದರೆ ಅರ್ಹರಾದ ಹತ್ತು ಮಂದಿಯಲ್ಲಿ ಒಬ್ಬರಿಗೆ ಸೀಟು. ನಮ್ಮ ರಾಜ್ಯದಲ್ಲಿ 12 ಸಾವಿರಕ್ಕೂ ಹೆಚ್ಚು ಸೀಟುಗಳಿವೆ ಎಂಬುದು ಸಮಾಧಾನದ ಮಾತು. ಆದರೆ ಬಹಳಷ್ಟು ಸೀಟುಗಳು ಖಾಸಗಿ ಕಾಲೇಜುಗಳಲ್ಲಿದ್ದು, ಅವುಗಳ ಶುಲ್ಕ ಸಾಮಾನ್ಯ ರೈತ ಕುಟುಂಬಕ್ಕೆ ಎಟುಕುವಂಥದ್ದಲ್ಲ.

ಎರಡನೆಯದಾಗಿ, ಅಂಕ ನೋಡಿ ತೀರ್ಮಾನಿಸಬಾರದು, ರ‍್ಯಾಂಕ್ ನೋಡಬೇಕು. 2024ರಲ್ಲಿ 650ಕ್ಕಿಂತ ಹೆಚ್ಚು ಅಂಕ ಪಡೆದವರು 30 ಸಾವಿರಕ್ಕೂ ಹೆಚ್ಚು. ಮರುವರ್ಷ ಪ್ರಶ್ನೆಪತ್ರಿಕೆ, ಅದರಲ್ಲೂ ಭೌತಶಾಸ್ತ್ರ, ಕಠಿಣವಾಯಿತು. ಆಗ ಅಷ್ಟು ಅಂಕ ಪಡೆದವರು ನೂರು ಮಂದಿಯೂ ಇರಲಿಲ್ಲ. ಮೊದಲ ರ‍್ಯಾಂಕಿಗೇ 686 ಅಂಕ. ಆದ್ದರಿಂದ 'ಕಳೆದ ಸಲ 450 ಬಂತು, ಈ ಸಲ 600 ಬಂದರೆ ಸಾಕು' ಎಂಬ ಮಾತಿಗೆ ಅರ್ಥವಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರತಿ ವರ್ಷ ಯಾವ ಕಾಲೇಜಿನಲ್ಲಿ, ಯಾವ ಪ್ರವರ್ಗದಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತೆಂದು ಪ್ರಕಟಿಸುತ್ತದೆ. 3ಬಿ, ಗ್ರಾಮೀಣ, ಕನ್ನಡ ಮಾಧ್ಯಮ, 371(ಜೆ) ಇವುಗಳಲ್ಲಿ ನಿಮಗೆ ಅನ್ವಯಿಸುವುದನ್ನು ಹಿಡಿದು ಎರಡು ಮೂರು ವರ್ಷಗಳ ಪಟ್ಟಿ ನೋಡಿರಿ. ರಾಜ್ಯದ 3ಬಿ ಪ್ರಮಾಣಪತ್ರ ಅಖಿಲ ಭಾರತ ಕೋಟಾದ ಶೇ. 15 ಸೀಟುಗಳಿಗೆ ನಡೆಯುವುದಿಲ್ಲ. ಕೇಂದ್ರದ ಪಟ್ಟಿ ಬೇರೆ. ನಿಮ್ಮ ಮಗುವಿನ ರ‍್ಯಾಂಕಿಗೂ ಕೊನೆಯ ಸೀಟಿನ ರ‍್ಯಾಂಕಿಗೂ ಇರುವ ದೂರ ಸಣ್ಣದಾಗಿದ್ದರೆ ಇನ್ನೊಂದು ಪ್ರಯತ್ನಕ್ಕೆ ಆಧಾರವಿದೆ. ದೂರ ಲಕ್ಷಗಳಲ್ಲಿದ್ದರೆ ಬರಿಯ ಆಸೆಯಿಂದ ಅದು ತುಂಬುವುದಿಲ್ಲ.

ಮೂರನೆಯದಾಗಿ, ಅಂಕ ಎಲ್ಲಿ ಹೋಯಿತೆಂದು ಹುಡುಕಬೇಕು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದಿದ್ದರೆ ಅಣೆಕಟ್ಟೆಯ ಎತ್ತರ ಹೆಚ್ಚಿಸಿ ಎಂದು ಯಾವ ಎಂಜಿನಿಯರನೂ ಮೊದಲು ಹೇಳುವುದಿಲ್ಲ; ಎಲ್ಲಿ ಸೋರಿದೆ ಎಂದು ನೋಡಿಕೊಂಡು ಬರುತ್ತಾನೆ. ಓಎಂಆರ್ ಹಾಳೆ, ಉತ್ತರ ಸೂಚಿ ಎರಡೂ ಸಿಗುತ್ತವೆ. 180 ಪ್ರಶ್ನೆಗಳಲ್ಲಿ ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಒಬ್ಬ ವಿದ್ಯಾರ್ಥಿ 160 ಪ್ರಶ್ನೆಗಳಿಗೆ ಉತ್ತರಿಸಿ 110 ಸರಿ, 50 ತಪ್ಪು ಮಾಡಿದ ಎನ್ನೋಣ. ಅವನಿಗೆ ಬರುವುದು 390. ಗೊತ್ತಿಲ್ಲದ 30ನ್ನು ಊಹಿಸದೆ ಬಿಟ್ಟಿದ್ದರೆ 420. ಹೀಗೆ ಊಹೆಯಿಂದ, ಸಮಯ ಸಾಲದೆ, ಪರೀಕ್ಷೆಯ ದಿನದ ಜ್ವರದಿಂದ ಹೋದ ಅಂಕ ಮರಳಿ ಬರಬಹುದು. ಎರಡು ವರ್ಷ ಓದಿದ ಮೇಲೂ ಭೌತಶಾಸ್ತ್ರದ ಮೂಲ ಪಾಠಗಳೇ ಅರ್ಥವಾಗಿಲ್ಲದಿದ್ದರೆ, ಅದೇ ಕೋಚಿಂಗಿಗೆ, ಅದೇ ರೀತಿ ಮತ್ತೊಂದು ವರ್ಷ ಕಳಿಸಿದರೆ ಫಲವೂ ಬಹುಮಟ್ಟಿಗೆ ಅದೇ.

ನಾಲ್ಕನೆಯದು ಹಣ. 'ಲಾಂಗ್ ಟರ್ಮ್' ಕೋಚಿಂಗಿನ ಶುಲ್ಕ, ಹಾಸ್ಟೆಲು, ಪುಸ್ತಕ ಎಲ್ಲ ಸೇರಿಸಿ ಒಂದು ಅಂದಾಜುಪಟ್ಟಿ ಬರೆಯಿರಿ. ಹೊಲ ಒತ್ತೆ ಇಟ್ಟು, ಬಡ್ಡಿಗೆ ಸಾಲ ತಂದು ಕೋಚಿಂಗಿಗೆ ಕಟ್ಟಬೇಡಿ. ಆ ಸಾಲದ ಭಾರ ಪರೀಕ್ಷಾ ಕೊಠಡಿಯಲ್ಲಿ ಮಗುವಿನ ಹೆಗಲ ಮೇಲೆಯೇ ಕೂರುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನಗಳೊಳಗೆ ಹಿಂದಿರುಗಿಸಬೇಕು. ಹಣ ಕಟ್ಟುವ ಮೊದಲೇ ಈ ಮಾತನ್ನು ಬರಹದಲ್ಲಿ ಪಡೆಯಿರಿ.

ಇಷ್ಟು ಲೆಕ್ಕದ ನಂತರ ಕೇಳಬೇಕಾದ ಮುಖ್ಯ ಪ್ರಶ್ನೆ: ಡಾಕ್ಟರ್ ಆಗಬೇಕೆಂಬುದು ಯಾರ ಆಸೆ? ಮಗುವಿನದೋ, ತಂದೆಯದೋ, ಬೀಗರ ಎದುರು ಹೇಳಿಕೊಳ್ಳಬೇಕೆಂಬ ಮನೆತನದ್ದೋ? ಯಾವ ಕಾಯಕವೂ ಕೀಳಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಾವು, ಮನೆಯೊಳಗೆ ಮಾತ್ರ ಡಾಕ್ಟರ್ ಮೇಲು, ನರ್ಸ್ ಕೀಳು, ಕೃಷಿ ಪದವೀಧರ ಲೆಕ್ಕಕ್ಕಿಲ್ಲ ಎಂದು ನಡೆದುಕೊಳ್ಳುತ್ತಿದ್ದೇವೆ. ಪಶುವೈದ್ಯಕೀಯ, ಕೃಷಿ ವಿಜ್ಞಾನ, ಫಾರ್ಮಸಿ, ನರ್ಸಿಂಗ್ ಸೀಟುಗಳಿಗೆ ರಾಜ್ಯದ ಸಿಇಟಿ ಇದೆ. ಆಯುರ್ವೇದ, ಹೋಮಿಯೋಪಥಿಗೆ ನೀಟ್ ಅರ್ಹತೆಯ ಮೇಲೆಯೇ ಪ್ರವೇಶವಿದೆ. ಊರಿನ ಹಸು ಎಮ್ಮೆ ನೋಡಲು ವೈದ್ಯರಿಲ್ಲದ ಹೋಬಳಿಗಳು ಎಷ್ಟಿವೆ ಎಂಬುದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಈ ದಾರಿಗಳನ್ನು ಸೋತವರ ದಾರಿ ಎಂದು ಮಕ್ಕಳ ಮುಂದೆ ಆಡಬೇಡಿ.

ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಲೇಬೇಕು. ಒಂದೇ ರ‍್ಯಾಂಕ್ ಬಂದರೂ ಮಗನಿಗೆ 'ಇನ್ನೊಂದು ವರ್ಷ ನೋಡೋಣ' ಎನ್ನುವ ಮನೆಗಳು, ಮಗಳಿಗೆ 'ಸಾಕು, ಬಿಎಸ್ಸಿ ಸೇರು, ವರ ನೋಡೋಣ' ಎನ್ನುತ್ತವೆ. ಹೆಣ್ಣು ಗಂಡೆಂಬ ಭೇದ ಅಳಿಸಿದ ಪರಂಪರೆ ನಮ್ಮದೆಂದು ಹೇಳಿಕೊಳ್ಳುವವರ ಮನೆಗಳಲ್ಲೂ ಇದು ನಡೆಯುತ್ತಿದೆ. ಮಗನಿಗೆ ಹಾಕುವ ಲೆಕ್ಕವನ್ನೇ ಮಗಳಿಗೂ ಹಾಕಬೇಕು. ಆಕೆಯ ರ‍್ಯಾಂಕ್ ಹತ್ತಿರವಿದ್ದು ಮನಸ್ಸೂ ಇದ್ದರೆ, ಆ ಒಂದು ವರ್ಷ ಆಕೆಯ ಹಕ್ಕು.

ನಮ್ಮ ಅಭಿಪ್ರಾಯ ಇಷ್ಟು. ರ‍್ಯಾಂಕಿನ ದೂರ ದಾಟುವಂತಿದ್ದು, ಸೋತ ಕಾರಣ ಸ್ಪಷ್ಟವಾಗಿ, ಸಾಲವಿಲ್ಲದೆ ಖರ್ಚು ನಿಭಾಯಿಸುವಂತಿದ್ದು, ಮಗು ತಾನಾಗಿ ಬಯಸಿದರೆ ಒಂದು ಮರುಪ್ರಯತ್ನ ಕೊಡಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು, ಮೇಲೆ ಸ್ನಾತಕೋತ್ತರ ಮೂರು ವರ್ಷ ಇರುವ ಈ ವೃತ್ತಿಯಲ್ಲಿ ಒಂದು ವರ್ಷ ದೊಡ್ಡ ನಷ್ಟವಲ್ಲ. ಆದರೆ ಪ್ರಯತ್ನ ಆರಂಭಿಸುವ ದಿನವೇ ಎರಡನೇ ದಾರಿಯನ್ನೂ ಬರೆದಿಟ್ಟು, ಆ ವರ್ಷ ಸಿಇಟಿಯನ್ನೂ ಬರೆಸಬೇಕು. ಎರಡನೇ ಮರುಪ್ರಯತ್ನಕ್ಕೆ ಮೊದಲನೆಯದರಲ್ಲಿ ರ‍್ಯಾಂಕ್ ಗಣನೀಯವಾಗಿ ಸುಧಾರಿಸಿರಬೇಕು. ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸುವುದೇ ವಿವೇಕ.

ಮನೆಯಲ್ಲಿ ಕೂತು ಓದುವ ಮಗು ಒಂಟಿಯಾಗುತ್ತದೆ. ಗೆಳೆಯರು ಕಾಲೇಜು ಸೇರಿರುತ್ತಾರೆ, ಮದುವೆ ಮನೆಗಳಲ್ಲಿ 'ಏನಾಯ್ತು ನಿಂದು?' ಎಂದು ಕೇಳುವವರಿರುತ್ತಾರೆ. ನಿದ್ದೆ, ಊಟ, ಮಾತು ಕಡಿಮೆಯಾದರೆ ಅದನ್ನು ಸೋಮಾರಿತನ ಎಂದು ಬೈಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮಠಗಳಿಗೂ ನಮ್ಮದೊಂದು ವಿನಂತಿ. ಪ್ರಸಾದ ನಿಲಯಗಳಲ್ಲಿ ಪಿಯು ಮುಗಿದ ಮಕ್ಕಳಿಗೆ ಒಂದು ವರ್ಷ ಊಟ, ವಸತಿ, ಓದುವ ಕೋಣೆ ಕೊಟ್ಟರೆ ಬಡ ಕುಟುಂಬದ ಖರ್ಚು ಬಹಳಷ್ಟು ಇಳಿಯುತ್ತದೆ. ಫಲಿತಾಂಶ ಬಂದ ವಾರದಲ್ಲಿ ನಿವೃತ್ತ ಅಧ್ಯಾಪಕರನ್ನೂ ವೈದ್ಯರನ್ನೂ ಒಂದು ದಿನ ಕೂರಿಸಿ, ಪಾಲಕರಿಗೆ ರ‍್ಯಾಂಕ್ ಪಟ್ಟಿ ಓದುವುದನ್ನು ಕಲಿಸಲಿ. ಡಾಕ್ಟರ್ ಸೀಟು ಪಡೆದವರಿಗೆ ಮಾಡುವ ಸನ್ಮಾನದ ವೇದಿಕೆಯಲ್ಲೇ ನರ್ಸಿಂಗ್, ಪಶುವೈದ್ಯಕೀಯ, ಕೃಷಿ ಓದಲು ಹೊರಟವರನ್ನೂ ಕೂರಿಸಲಿ.