ಶಾಲೆಯ ಅಂಗಳದಲ್ಲಿ ಬೆದರುಬೊಂಬೆ

ಸೆರೆಮನೆಯಿಂದ ಬಿಡುಗಡೆ ಹೊಂದಿದವರನ್ನು ಶಾಲೆಗಳಿಗೆ ಕರೆಸಿ, ಅಪರಾಧದ ಅನಾಹುತಗಳನ್ನು ಅವರ ಬಾಯಿಂದಲೇ ಮಕ್ಕಳಿಗೆ ಕೇಳಿಸಬೇಕೆಂಬ ಸಲಹೆ ನಮ್ಮ ಹೊರನಾಡ ಸಂಘಗಳ ಸಭೆಗಳಲ್ಲಿ ಆಗಾಗ ತಲೆಯೆತ್ತುತ್ತದೆ. ಸಲಹೆ ಕೊಡುವವರು ಸಜ್ಜನರೇ. ವಾಲ್ಮೀಕಿಯ ಪೂರ್ವಾಶ್ರಮ, ಅಂಗುಲಿಮಾಲನ ಕತೆ, 1972ರಲ್ಲಿ ಜಯಪ್ರಕಾಶ ನಾರಾಯಣರ ಕರೆಗೆ ಓಗೊಟ್ಟು ಕೋವಿ ಕೆಳಗಿಟ್ಟ ಚಂಬಲ್ ಕಣಿವೆಯ ದರೋಡೆಕೋರರು, ಎಲ್ಲವೂ ಅವರ ಮಾತಿನಲ್ಲಿ ಸಾಲುಗಟ್ಟಿ ಬರುತ್ತವೆ. ಚಪ್ಪಾಳೆಯೂ ಬೀಳುತ್ತದೆ. (ಚಪ್ಪಾಳೆ ಬಿದ್ದ ಸಲಹೆಯನ್ನು ಸಂಶಯದಿಂದ ನೋಡುವುದು ನನ್ನ ಹಳೆಯ ಚಾಳಿ.) ಆದರೆ ಈ ಸದುದ್ದೇಶದ ಹೊಟ್ಟೆಯಲ್ಲಿ ಒಂದು ಕ್ರೌರ್ಯ ಅಡಗಿದೆ. ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು ಪೂರ್ತಿ ಅನುಭವಿಸಿ ಬಂದ ಮನುಷ್ಯನಿಗೆ ನಾವು ಕೊಡಲೊಪ್ಪುವ ಏಕೈಕ ಕೆಲಸವೆಂದರೆ ತನ್ನ ಅಪರಾಧವನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದು. ಅದೂ ಸಂಬಳವಿಲ್ಲದೆ, ಒಂದು ಹಾರ ಮತ್ತು ಒಂದು ಲೋಟ ಚಹಾದ ಮೇಲೆ.

ಕ್ರೌರ್ಯದ ಮಾತು ಹಾಗಿರಲಿ, ಇದರಿಂದ ಮಕ್ಕಳಿಗಾದರೂ ಉಪಯೋಗವಿದೆಯೇ? ಇದು ಹೊಸ ಪ್ರಯೋಗವೇನೂ ಅಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ರಾಹ್ವೇ ಸೆರೆಮನೆಯಲ್ಲಿ ಜೀವಾವಧಿ ಶಿಕ್ಷೆಯ ಕೈದಿಗಳೇ ಕೂಡಿಕೊಂಡು 1976ರಲ್ಲಿ ಇಂಥದ್ದನ್ನು ಆರಂಭಿಸಿದರು. ದಾರಿ ತಪ್ಪಿದ, ತಪ್ಪಬಹುದಾದ ಹುಡುಗರನ್ನು ಒಳಕ್ಕೆ ಕರೆತಂದು, ಮುಖಕ್ಕೆ ಮುಖ ಕೊಟ್ಟು ಅಬ್ಬರಿಸಿ, ಗೋಡೆಗಳೊಳಗಿನ ಹಿಂಸೆ ಬಲಾತ್ಕಾರಗಳನ್ನು ಬಣ್ಣಿಸಿ ಬೆದರಿಸುವುದೇ ಅದರ ಪಾಠಕ್ರಮ. ಅದನ್ನು ಕುರಿತ 'ಸ್ಕೇರ್ಡ್ ಸ್ಟ್ರೇಟ್' ಎಂಬ ಸಾಕ್ಷ್ಯಚಿತ್ರ 1978ರಲ್ಲಿ ಬಂದಿತು, ಮರುವರ್ಷ ಆಸ್ಕರ್ ಪ್ರಶಸ್ತಿಯನ್ನೂ ಗಳಿಸಿತು. ನೋಡಿದವರೆಲ್ಲ ಪುಳಕಿತರಾದರು. ಪುಳಕಗೊಳ್ಳದೆ ಉಳಿದವರಲ್ಲೊಬ್ಬರು ರಟ್ಗರ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಫಿಂಕನೌವರ್. ಅವರು ಕಾರ್ಯಕ್ರಮಕ್ಕೆ ಹೋದ 46 ಮಕ್ಕಳನ್ನೂ ಹೋಗದ 35 ಮಕ್ಕಳನ್ನೂ ಆರು ತಿಂಗಳ ಕಾಲ ಗಮನಿಸಿದರು. ಹೋಗದವರಲ್ಲಿ ಹೊಸ ಅಪರಾಧಕ್ಕೆ ಸಿಲುಕಿದವರು ಸುಮಾರು ನೂರಕ್ಕೆ 11. ಹೋಗಿ ಹೆದರಿಬಂದವರಲ್ಲಿ ನೂರಕ್ಕೆ 41. ಒಂದೇ ಅಧ್ಯಯನ, ಸಂಖ್ಯೆ ಚಿಕ್ಕದು ಎನ್ನಬಹುದು. ಸರಿ. ಆಂಥನಿ ಪೆಟ್ರೊಸಿನೊ ಮತ್ತು ಸಂಗಡಿಗರು ಇಂಥ ಒಂಬತ್ತು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದರು. 2002ರಲ್ಲಿ ಪ್ರಕಟಿಸಿದ ತೀರ್ಮಾನವನ್ನೇ 2013ರ ಪರಿಷ್ಕರಣೆಯಲ್ಲೂ ಉಳಿಸಿಕೊಂಡರು: ಈ ಕಾರ್ಯಕ್ರಮಕ್ಕಿಂತ ಏನನ್ನೂ ಮಾಡದೆ ಸುಮ್ಮನಿದ್ದಿದ್ದರೆ ಮಕ್ಕಳಿಗೆ ಒಳ್ಳೆಯದಾಗುತ್ತಿತ್ತು.

ಯಾಕೆ ಹೀಗೆ ಎಂಬುದನ್ನು ಹರೆಯದ ಹುಡುಗರೊಡನೆ ಒಡನಾಡಿದ ಯಾವ ಮಾಸ್ತರರೂ ಊಹಿಸಬಲ್ಲರು. ಎದುರಿಗೆ ನಿಂತವನ ಕಂಠ, ಮೈಕಟ್ಟು, ಮೈಮೇಲಿನ ಕಲೆಗಳನ್ನು ಕಂಡ ಹುಡುಗನ ಮನಸ್ಸಿನಲ್ಲಿ ಮೂಡುವುದು ಪಶ್ಚಾತ್ತಾಪವಲ್ಲ, ಹುರುಪು. ಗೆಳೆಯರ ಮಧ್ಯೆ ತಾನು ಹೆದರಲಿಲ್ಲವೆಂದು ತೋರಿಸುವ ಹಟ ಬೇರೆ.

'ಅದು ಸೆರೆಮನೆಯೊಳಗಿನ ಆರ್ಭಟ, ನಾವು ಹೇಳುತ್ತಿರುವುದು ಶಾಲೆಯಲ್ಲಿ ನಡೆಯುವ ಸೌಮ್ಯವಾದ ಮಾತುಕತೆ' ಎಂದು ಆಕ್ಷೇಪಿಸುವವರಿದ್ದಾರೆ. ವ್ಯತ್ಯಾಸವಿದೆ, ಒಪ್ಪೋಣ, ರಾಹ್ವೇಯ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ಅಂಟಿಸಲಾಗದು. ಆದರೆ ಸೌಮ್ಯ ಸ್ವರದಲ್ಲಿ ಹೇಳಿಸುವ ಪಾಠವಾದರೂ ಯಾವುದು? ಕೆಟ್ಟವರು ಸೆರೆಮನೆಗೆ ಹೋಗುತ್ತಾರೆ, ಒಳ್ಳೆಯವರು ಹೊರಗಿರುತ್ತಾರೆ ಎಂಬುದಷ್ಟೇ. ಈ ದೇಶದಲ್ಲಿ ಅದು ಸುಳ್ಳು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ನಮ್ಮ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ, ಅಂದರೆ ನೂರಕ್ಕೆ 75ಕ್ಕೂ ಹೆಚ್ಚು, ಇನ್ನೂ ತೀರ್ಪಾಗದ ವಿಚಾರಣಾಧೀನರು. ಜಾಮೀನಿಗೆ ನಿಲ್ಲುವವರಿಲ್ಲದೆ, ವಕೀಲರಿಗೆ ಕೊಡಲು ಕಾಸಿಲ್ಲದೆ ಒಳಗೆ ಉಳಿದವರು ಅವರಲ್ಲಿ ಎಷ್ಟು ಮಂದಿಯೋ! ಮುಂಬಯಿಯ ಯಾವುದೋ ಪಾಲಿಕೆ ಶಾಲೆಯ ಕೊನೆಯ ಬೆಂಚಿನಲ್ಲಿ, ಅಪ್ಪ ಆರ್ಥರ್ ರೋಡಿನಲ್ಲೋ ತಳೋಜಾದಲ್ಲೋ ಇದ್ದಾನೆಂಬುದನ್ನು ಯಾರಿಗೂ ಹೇಳದ ಹುಡುಗಿಯೊಬ್ಬಳು ಕುಳಿತಿರಬಹುದು. ಅತಿಥಿಯ ಮಾತು ಮುಗಿದು ಉಳಿದವರು ಚಪ್ಪಾಳೆ ತಟ್ಟುವಾಗ ಅವಳೇನು ಮಾಡಬೇಕು?

ಅಪರಾಧಿಯನ್ನು ನೋಡಿ ಮಕ್ಕಳು ಕಲಿಯಲಿ ಎನ್ನುವವರು ಸೊಲ್ಲಾಪುರದ ಕಡೆ ಒಮ್ಮೆ ದೃಷ್ಟಿ ಹಾಯಿಸುವುದು ಒಳ್ಳೆಯದು. ಕನ್ನಡ ಮರಾಠಿಗಳೆರಡೂ ಉಸಿರಾಡುವ ಆ ಊರಿನಲ್ಲಿ, ಹಾಗೆಯೇ ವಿಜಾಪುರ, ಹುಬ್ಬಳ್ಳಿಗಳಲ್ಲಿ, ಬ್ರಿಟಿಷ್ ಸರಕಾರ 'ಅಪರಾಧಿ ಬುಡಕಟ್ಟು'ಗಳಿಗಾಗಿ ಸೆಟ್ಲಮೆಂಟುಗಳನ್ನು ಕಟ್ಟಿತ್ತು. 1871ರ ಕಾಯಿದೆ ಹುಟ್ಟನ್ನೇ ಅಪರಾಧವಾಗಿಸಿತು. ಹುಟ್ಟಿದ ಕೂಸು ಬೇಲಿಯೊಳಗೇ ಕಣ್ಣು ಬಿಟ್ಟಿತು, ತಂದೆ ಸರಕಾರಿ ಹಾಜರಿಗೆ ನಿಂತುದನ್ನು ದಿನವೂ ಕಂಡಿತು. ಕಾಯಿದೆ 1952ರಲ್ಲಿ ರದ್ದಾಯಿತು. ಕಾಯಿದೆಯ ಮನೋಧರ್ಮ ರದ್ದಾಗಲಿಲ್ಲ. ಸೆರೆಮನೆಯ ಕೈಪಿಡಿಗಳು ಕಸ ಗುಡಿಸುವ ಕೆಲಸವನ್ನು ಒಂದು ಜಾತಿಗೆ, ಅಡಿಗೆಯನ್ನು ಇನ್ನೊಂದಕ್ಕೆ ಹಂಚುತ್ತಿದ್ದ ಪದ್ಧತಿಯನ್ನು ಸುಪ್ರೀಂ ಕೋರ್ಟು ಸಂವಿಧಾನಬಾಹಿರವೆಂದು ಸಾರಿದ್ದು 2024ರ ಅಕ್ಟೋಬರಿನಲ್ಲಿ, ಅಂದರೆ ಮೊನ್ನೆ ಮೊನ್ನೆ. ಇಂಥ ಸಮಾಜದಲ್ಲಿ ವೇದಿಕೆಯ ಮೇಲೆ ಒಬ್ಬ 'ಮಾಜಿ ಕೈದಿ'ಯನ್ನು ನಿಲ್ಲಿಸಿ ಹೆಸರು, ಊರು ಹೇಳಿಸಿದರೆ ಮಕ್ಕಳು ಕಲಿಯುವುದು ಅಪರಾಧದ ಕೇಡನ್ನಲ್ಲ, ಜನರನ್ನು ಗುರುತು ಹಚ್ಚಿ ದೂರವಿಡುವ ಹಳೆಯ ವಿದ್ಯೆಯನ್ನು.

ಹಾಗಾದರೆ ಸೆರೆಮನೆ ಕಂಡವನಿಗೆ ಶಾಲೆಯಲ್ಲಿ ಹೇಳಲು ಏನೂ ಇಲ್ಲವೇ? ಬೇಕಾದಷ್ಟಿದೆ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಸಂವಿಧಾನದ 22ನೆಯ ವಿಧಿಯನ್ನು, 1987ರ ಕಾಯಿದೆಯಂತೆ ಉಚಿತ ವಕೀಲರನ್ನು ಕೇಳುವ ಬಗೆಯನ್ನು, ಪೋಲಿಸ್ ಠಾಣೆಯಲ್ಲಿ ಓದದೆ ರುಜು ಹಾಕಬಾರದೆಂಬುದನ್ನು ಅವನಷ್ಟು ಸ್ಪಷ್ಟವಾಗಿ ಯಾರು ಹೇಳಬಲ್ಲರು? ಸಾಣೆಕಟ್ಟೆಯ ಮೇಲೋ ಮಗ್ಗದ ಮೇಲೋ ಒಳಗೆ ಕಲಿತ ಕಸುಬನ್ನು ಕಲಿಸಬಹುದು. ಬಾಲ್ಯದಲ್ಲಿ ಎಡವಿದವರ ಹಳೆಯ ದಾಖಲೆ ಮುಂದಿನ ಬದುಕಿಗೆ ಅಡ್ಡಬರಬಾರದೆಂದು 2015ರ ಬಾಲನ್ಯಾಯ ಕಾಯಿದೆ, ಕೆಲವು ಘೋರ ಅಪರಾಧಗಳನ್ನು ಹೊರತುಪಡಿಸಿ, ವಿಧಿಸಿದೆ. ಅವರ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಕಾನೂನು ಮರೆಯಲೊಪ್ಪಿದ್ದನ್ನು ನಮ್ಮ ಪ್ರಾರ್ಥನಾ ಸಭೆಗಳು ನೆನಪಿಸುತ್ತ ಕೂರಬೇಕೇ?

ನಮ್ಮ ಕಣ್ಣೆದುರಿಗೇ ಬೇರೆ ದಾರಿಗಳಿವೆ. ಔಂಧ್ ಸಂಸ್ಥಾನದಲ್ಲಿ 1939ರಲ್ಲಿ ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಗೋಡೆಯಿಲ್ಲದ ಸೆರೆಮನೆ ಹುಟ್ಟಿತು. ಕೈದಿಗಳಿಗೆ ಅಲ್ಲಿ ಭಾಷಣವಲ್ಲ, ಹೊಲ ಸಿಕ್ಕಿತು. ಶಾಂತಾರಾಮರ 1957ರ 'ದೋ ಆಂಖೇಂ ಬಾರಹ್ ಹಾಥ್' ಚಿತ್ರಕ್ಕೆ ಪ್ರೇರಣೆ ಆ ಪ್ರಯೋಗವೇ. ನಮ್ಮ ಹುಲುಗಪ್ಪ ಕಟ್ಟೀಮನಿಯವರು ಕಾರಾಗೃಹಗಳೊಳಗೆ ನಾಟಕ ಕಟ್ಟಿದರು. ಮ್ಯಾಕ್‌ಬೆತ್‌ನ ಕನ್ನಡ ರೂಪವಾದ 'ಮಾರನಾಯಕ'ವನ್ನು ಕೈದಿಗಳು ಆಡಿದಾಗ ಪ್ರೇಕ್ಷಕರು ಕಂಡದ್ದು ನಟರನ್ನು. ಯಾರೂ ಅವರಿಂದ ತಪ್ಪೊಪ್ಪಿಗೆಯನ್ನು ಕೇಳಲಿಲ್ಲ. ಕೊಲೆಗಡುಕನ ಅಂತರಂಗವನ್ನು ಕಲೆಯ ಮೂಲಕ ಅವರೇ ತೆರೆದು ತೋರಿಸಿದರು. ಅಂಥ ತಂಡವನ್ನು ಬೇಕಾದರೆ ಶಾಲೆಗೆ ಕರೆಸಿ, ಟಿಕೇಟಿನ ಹಣವನ್ನು ಅವರ ಕೈಗೆ ಕೊಡಿ.

ಈ ಸಲಹೆಯನ್ನು ಮುಂದಿಡುವ ಆಡಳಿತ ಮಂಡಳಿಗಳಿಗೆ ನನ್ನ ಎರಡು ಪ್ರಶ್ನೆಗಳಿವೆ, ಉತ್ತರವನ್ನು ಮುಂದಿನ ಮಹಾಸಭೆಯ ನಡಾವಳಿಯಲ್ಲಿ ಬರೆಯಿಸಲಿ. ಅಂದು ಮೈಕಿನ ಮುಂದೆ ಕಣ್ಣೀರು ಹಾಕಿದ ಮನುಷ್ಯ ಮರುದಿನ ಅದೇ ಶಾಲೆಯ ಜವಾನನ ಹುದ್ದೆಗೆ ಅರ್ಜಿ ಹಾಕಿದರೆ ಅದನ್ನು ಸ್ವೀಕರಿಸುತ್ತೀರಾ? ಸ್ವೀಕರಿಸಿದ ಮೇಲೆ, ಪೋಲಿಸರ ನಡತೆ ಪ್ರಮಾಣಪತ್ರ ತಾ ಎಂದು ಕೇಳುತ್ತೀರಾ?